ಗೋರಿ ಎಂಬ ಹೊಳೆ

ಕುವೆಂಪುನಗರ, ಮೈಸೂರು
3 ಮಾರ್ಚ್ 2024

ಸುಷ್ಮಾಳಿಗೆ,

ಎಷ್ಟು ಸಲ ಫೋನ್ ಮಾಡಿದರೂ ನಿನ್ನ ನಂಬರು ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದೇ ಹೇಳುತ್ತದೆ. ಅದಕ್ಕೆ ಈ ಕಾಗದ. ನರ್ಸಾಗಿದ್ದಷ್ಟು ಕಾಲವೂ ಕೇಸ್ ಶೀಟ್ ಬರೆದ ಕೈ ಇದು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಾಗಾರ್ಜುನ ಹೋಗಿ ಈ ಜೂನ್‌ಗೆ ಎರಡು ವರ್ಷ. ಗಂಡ ಹೆಂಡತಿ ಇಬ್ಬರೂ ಹಿಮಾಲಯ ನೋಡುತ್ತೇವೆಂದು ಹೊರಟಿರಿ, ನೀನೊಬ್ಬಳೇ ವಾಪಸು ಬಂದೆ. ನನ್ನ ಮಗನ ದೇಹವೂ ಬರಲಿಲ್ಲ. ಮಳೆಗಾಲ ಮುಗಿಯುವವರೆಗೆ ನೀನು ನನ್ನ ಮನೆಯ ಒಳಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದೆ. ಆಮೇಲೆ ಶಾಲೆಯ ಪಿ.ಟಿ. ಟೀಚರ್ ಕೆಲಸವನ್ನೂ ಬಿಟ್ಟು ಮತ್ತೆ ಅದೇ ಬೆಟ್ಟಕ್ಕೆ ಹೊರಟೆ. ಯಾಕೆ ಎಂದು ನಾನು ಕೇಳಲಿಲ್ಲ. ಆಗ ನನಗೆ ಕೇಳುವ ಶಕ್ತಿ ಇರಲಿಲ್ಲ.

ಈಗ ಸಿದ್ದಮಲ್ಲಪ್ಪ ಭಾವನವರು ಒಂದು ತೀರ್ಮಾನಕ್ಕೆ ಬಂದಿದ್ದಾರೆ. ನಂಜನಗೂಡಿನ ಹತ್ತಿರದ ನಮ್ಮ ಹೊಲದಲ್ಲಿ ಅವನ ಅಪ್ಪನ ಸಮಾಧಿಯ ಪಕ್ಕದಲ್ಲೇ ಅವನಿಗೂ ಒಂದು ಸಮಾಧಿ ಆಗಬೇಕಂತೆ. ದೇಹ ಸಿಗದಿದ್ದರೆ ಏನಾಯಿತು, ಬಟ್ಟೆಬರೆ ಇಟ್ಟು ಮಣ್ಣು ಮುಚ್ಚೋಣ ಎನ್ನುತ್ತಾರೆ. ಬಸವ ಜಯಂತಿ ಕಳೆದ ಮೇಲಿನ ಸೋಮವಾರ. ಹೆಂಡತಿಯಾದವಳು ಮುಂದೆ ನಿಲ್ಲಬೇಕು, ಬಾ. ಬಂದ ಮೇಲೆ ಇಲ್ಲೇ ಇರಬೇಕು ಎಂಬುದೂ ಅವರ ಮಾತು.

ಇನ್ನೊಂದು ವಿಷಯ. ಭಾವನವರ ಸೊಸೆ ಶಿವಾನಿ ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾರೋ ಬೆಟ್ಟ ಹತ್ತುವವರು ತೆಗೆದದ್ದು. ಅದರಲ್ಲಿ ನೀನು ಕೆಂಪು ಟೋಪಿ ಹಾಕಿಕೊಂಡು ಜನರನ್ನು ಸಾಲಾಗಿ ಒಂದು ಜಲಪಾತಕ್ಕೆ ಕರೆದುಕೊಂಡು ಹೋಗುತ್ತಿದ್ದೀಯ. ನಗುತ್ತಿದ್ದೀಯ. ಅದು ನನ್ನ ಮಗ ಹೋದ ಜಾಗವೇ ಎಂದು ಶಿವಾನಿ ಹೇಳುತ್ತಾಳೆ. ಹೌದೋ ಅಲ್ಲವೋ, ಅಷ್ಟು ಬರೆ.

ಬಸಮ್ಮ

•

ಧಾರ್‌ಕೋಟ್ ಹಳ್ಳಿ, ಮುನ್ಸ್ಯಾರಿ ಅಂಚೆ, ಉತ್ತರಾಖಂಡ
24 ಮಾರ್ಚ್ 2024

ಅತ್ತೆಯವರಿಗೆ ಶರಣು.

ನಿಮ್ಮ ಕಾಗದ ಮುನ್ಸ್ಯಾರಿಯಿಂದ ರೇಷನ್ ತರುವ ಜೀಪಿನಲ್ಲಿ ಬಂದು, ಎರಡು ದಿನ ಅಂಗಡಿಯಲ್ಲಿ ಬಿದ್ದಿದ್ದು, ನಿನ್ನೆ ನನ್ನ ಕೈ ಸೇರಿತು. ನೀವು ನೇರವಾಗಿ ಕೇಳಿದ್ದೀರಿ. ನಾನೂ ನೇರವಾಗಿ ಹೇಳುತ್ತೇನೆ.

ಹೌದು. ಅದೇ ಜಾಗ. ವಿಡಿಯೊದಲ್ಲಿರುವವಳು ನಾನೇ. ನಗುತ್ತಿದ್ದುದೂ ನಿಜ.

ಇಲ್ಲಿಂದ ಆ ಜಲಪಾತಕ್ಕೆ ಒಂದು ಹಗಲಿನ ದಾರಿ. ಮೊದಲು ಓಕ್ ಮರಗಳ ಕಾಡು, ಅದನ್ನು ದಾಟಿದರೆ ಮರವೇ ಬೆಳೆಯದಷ್ಟು ಎತ್ತರದಲ್ಲಿ ಹುಲ್ಲುಗಾವಲು. ಆಮೇಲೆ ಕಮರಿ ಶುರುವಾಗುತ್ತದೆ. ಎರಡೂ ಕಡೆ ಬಂಡೆಯ ಗೋಡೆ, ಗೋಡೆಯನ್ನು ಕಡಿದು ಮಾಡಿದ ಕಾಲುದಾರಿ, ಕೆಳಗೆ ತೊರೆ. ಆ ತೊರೆ ಇಳಿದು ಹೋಗಿ ಗೋರಿ ಎಂಬ ದೊಡ್ಡ ಹೊಳೆಗೆ ಸೇರುತ್ತದೆ. ಒಂದು ಕಡೆ ತೊರೆಯನ್ನು ದಾಟಲೇಬೇಕು. ಬಂದವರಿಗೆ ಸೊಂಟಕ್ಕೆ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ದಾಟಿಸುವುದು ನನ್ನ ಕೆಲಸ. ಅದಕ್ಕಾಗಿ ತರಬೇತಿ ಮುಗಿಸಿದ್ದೇನೆ. ನಾನು ಕೋಲಿನಿಂದ ಇರಿದು ನೋಡದ ಹಿಮದ ಮೇಲೆ ಈಗ ಯಾರೂ ಕಾಲಿಡುವುದಿಲ್ಲ.

ಸಮಾಧಿಯ ವಿಷಯ. ಬಟ್ಟೆಗೆ ಮಣ್ಣು ಹಾಕಲು ನಾನು ಬರುವುದಿಲ್ಲ. ಸಿದ್ದಮಲ್ಲಪ್ಪ ದೊಡ್ಡಮಾವನವರ ಮೇಲೆ ಅಗೌರವವಿಲ್ಲ. ಆದರೆ ನಾನು ಮುಂದೆ ನಿಲ್ಲಬೇಕೆಂದು ಅವರು ಕರೆಯುತ್ತಿರುವುದು ನಾಗಾರ್ಜುನ ಅವರಿಗಾಗಿ ಅಲ್ಲ. ನಾನು ತಲೆ ತಗ್ಗಿಸಿ ನಿಂತದ್ದನ್ನು ನೆಂಟರೆಲ್ಲ ನೋಡಲಿ ಎಂದು. ‘ಇವಳೇ ಅವನನ್ನ ಬೆಟ್ಟಕ್ಕೆ ಎಳೆದುಕೊಂಡು ಹೋದವಳು’ ಎಂದು ಅವರು ನಿಮ್ಮ ನಡುಮನೆಯಲ್ಲೇ ಹೇಳಿದ್ದರು. ಒಳಕೋಣೆಗೆ ಕೇಳಿಸುತ್ತಿತ್ತು.

ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಸುಷ್ಮಾ

•

ಮೈಸೂರು
12 ಏಪ್ರಿಲ್ 2024

ಸುಷ್ಮಾಳಿಗೆ,

ನಿನ್ನ ಕಾಗದ ಓದಿ ಹರಿದು ಹಾಕೋಣ ಎನ್ನಿಸಿತು. ಹಾಕಲಿಲ್ಲ. ನರ್ಸಿಗೆ ಮಾತ್ರೆಯ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದೀಯ.

ಹೊಳೆಯ ಹೆಸರೇ ಗೋರಿ ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಆ ದಿನವೆಲ್ಲ ನನಗೆ ಅನ್ನ ಇಳಿಯಲಿಲ್ಲ. ಗೋರಿ ಎಂದು ಹೆಸರಿಟ್ಟುಕೊಂಡು ಹರಿಯುವ ನೀರಿನ ಹತ್ತಿರ ಯಾರಾದರೂ ಮಕ್ಕಳನ್ನು ಹೋಗಲು ಬಿಡುತ್ತಾರೆಯೇ? ಅದರ ಮುಂದೆ ನಿಂತು ನಗಲು ಹೇಗೆ ಸಾಧ್ಯ?

ಭಾವನವರು ಬಂದು ‘ಏನ್ ಬರ್ದವ್ಳೆ, ಕೊಡು ನೋಡೋಣ’ ಎಂದರು. ಕಾಗದ ಕೊಡಲಿಲ್ಲ. ‘ಬರಲ್ಲ ಅಂತ ಬರ್ದವ್ಳೆ’ ಎಂದಷ್ಟೇ ಹೇಳಿದೆ. ‘ಅವ್ಳಿಗೆ ಎದೆ ಅನ್ನೋದು ಇದ್ಯಾ ಬಸಮ್ಮ’ ಎಂದು ಕೇಳಿದರು.

ಆದರೆ ಆಮೇಲೆ ಯೋಚಿಸಿದೆ. ನೀನು ಬಾಯಲ್ಲಿ ಏನೇ ಹೇಳು, ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡುತ್ತಿರುವುದು ಯಾಕೆಂದು ನನಗೆ ಅರ್ಥವಾಗಿದೆ. ನೀನು ಅವನನ್ನು ಹುಡುಕುತ್ತಿದ್ದೀಯ. ಜನರನ್ನು ಕರೆದುಕೊಂಡು ಹೋಗುವುದು ಒಂದು ನೆಪ. ಹುಡುಕು. ಒಂದು ಷೂ ಸಿಕ್ಕರೂ ನನಗೆ ಮೊದಲು ತಿಳಿಸು. ಅದಕ್ಕಾಗಿ ನೀನು ಅಲ್ಲಿರುವುದಾದರೆ ಭಾವನವರ ಮಾತನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನೊಂದು ಕೇಳಬೇಕೆಂದು ಎರಡು ವರ್ಷದಿಂದ ಇದ್ದೇನೆ. ಆವತ್ತು ಬೆಳಗ್ಗೆ ಅವನು ಏನು ತಿಂದಿದ್ದ?

ಬಸಮ್ಮ

•

ಧಾರ್‌ಕೋಟ್
28 ಏಪ್ರಿಲ್ 2024

ಅತ್ತೆಯವರಿಗೆ,

ಆಲೂ ಪರಾಠ ತಿಂದಿದ್ದರು. ತಮ್ಮದೆರಡನ್ನು ಮುಗಿಸಿ ನನ್ನದರಲ್ಲೂ ಅರ್ಧ ಕಿತ್ತುಕೊಂಡರು. ನೀವು ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಅದರ ಮೇಲೆ ಸುರಿದುಕೊಂಡು, ನಾವು ಆಗ ಇಳಿದುಕೊಂಡಿದ್ದ ಈ ಮನೆಯ ಒಡತಿ ಕುಂತಿ ದೀದಿಗೂ ಒಂದು ಚಮಚ ತಿನ್ನಿಸಿ, ಆಕೆ ಕೆಮ್ಮಿದ್ದನ್ನು ನೋಡಿ ನಕ್ಕರು. ಹೊಟ್ಟೆ ತುಂಬಿತ್ತು ಅತ್ತೆ. ಚಳಿಗೆ ಬೆಚ್ಚಗಿನ ಬಟ್ಟೆಯೂ ಇತ್ತು. ಅಷ್ಟರ ಮಟ್ಟಿಗೆ ನೀವು ನಿಶ್ಚಿಂತೆಯಾಗಿರಿ.

ನಡೆದದ್ದನ್ನೂ ಹೇಳಿಬಿಡುತ್ತೇನೆ. ನೀವು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಕಮರಿಯೊಳಗೆ ಬಿದ್ದ ಹಿಮ ತೊರೆಯ ಮೇಲೆ ಸೇತುವೆಯ ಹಾಗೆ ಗಟ್ಟಿಯಾಗಿ ನಿಂತಿರುತ್ತದೆ. ಜೂನ್ ಹೊತ್ತಿಗೆ ಕೆಳಗಿನ ನೀರು ಅದನ್ನು ಒಳಗಿನಿಂದ ಕರಗಿಸಿ ಪೊಳ್ಳು ಮಾಡಿರುತ್ತದೆ, ಮೇಲೆ ನೋಡಿದವರಿಗೆ ಗೊತ್ತಾಗುವುದಿಲ್ಲ. ನಮ್ಮ ಮುಂದೆ ಹೋದವರೆಲ್ಲ ಸುರಕ್ಷಿತವಾಗಿ ದಾಟಿದ್ದರು. ನಾಗಾರ್ಜುನ ನಡುವೆ ನಿಂತು, ನನ್ನ ಕಡೆ ತಿರುಗಿ, ‘ನಿಧಾನವಾಗಿ ಬಾ, ಜಾರುತ್ತೆ’ ಎಂದರು. ಹಿಮ ಕುಸಿಯಿತು. ಅಷ್ಟೇ.

ಈಗ ನಿಮ್ಮ ಇನ್ನೊಂದು ಮಾತು. ನಾನು ಅವರನ್ನು ಹುಡುಕುತ್ತಿದ್ದೇನೆ ಎಂದು ನೀವು ತಿಳಿದಿದ್ದೀರಿ. ಸುಮ್ಮನಿದ್ದುಬಿಟ್ಟರೆ ನೀವು ನನ್ನ ಪರವಾಗಿ ನಿಲ್ಲುತ್ತೀರಿ ಎಂಬುದೂ ನನಗೆ ಗೊತ್ತು. ಆದರೆ ಅದು ನಿಜವಲ್ಲ.

ಮೊದಲ ವರ್ಷ ಹುಡುಕಿದೆ. ತೊರೆಯ ಪ್ರತಿ ಮಡುವಿನಲ್ಲೂ ಕೋಲು ಹಾಕಿ ನೋಡಿದೆ. ಗೋರಿಯ ದಡದಲ್ಲಿ ಕೆಳಗಿನ ಊರುಗಳವರೆಗೂ ನಡೆದು ಜನರನ್ನು ವಿಚಾರಿಸಿದೆ. ಹೋದ ಅಕ್ಟೋಬರಿನ ಒಂದು ಬೆಳಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿ ನಿಂತಿದ್ದೆ. ಎದುರಿಗೆ ಪಂಚಚೂಲಿಯ ಐದೂ ಶಿಖರಗಳ ಮೇಲೆ ಬಿಸಿಲು ಬಿದ್ದಿತ್ತು, ಗಾಳಿಯಲ್ಲಿ ಒಣಹುಲ್ಲಿನ ವಾಸನೆ ಇತ್ತು. ನನ್ನ ಹಿಂದೆ ನಿಂತಿದ್ದವರು ನನ್ನನ್ನು ನಂಬಿ ಬಂದವರು. ಆಗ ಹೊಳೆಯಿತು, ಎಷ್ಟೋ ದಿನಗಳಿಂದ ನಾನು ಕೆಳಗೆ ನೀರನ್ನು ನೋಡುವುದನ್ನೇ ಬಿಟ್ಟಿದ್ದೇನೆ ಎಂದು.

ನಾನು ಇಲ್ಲಿರುವುದು ನನಗೆ ಇದು ಇಷ್ಟವಾದ್ದರಿಂದ. ಈ ನಡಿಗೆ, ಈ ಎತ್ತರ, ಹೆದರಿ ನಿಂತವರನ್ನು ಆಚೆ ದಡಕ್ಕೆ ತಲುಪಿಸುವ ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಗಂಡನನ್ನು ಕಳೆದುಕೊಂಡ ಜಾಗದಲ್ಲಿ ಹೆಂಡತಿ ಅಳುತ್ತಾ ಇದ್ದರೆ ಎಲ್ಲರೂ ಒಪ್ಪುತ್ತಾರೆ. ಅವಳಿಗೆ ಅಲ್ಲಿ ಬದುಕುವ ಆಸೆ ಹುಟ್ಟಿದರೆ ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ. ಇದನ್ನು ಓದಿ ನಿಮಗೆ ಕೋಪ ಬರುತ್ತದೆ. ಬರಲಿ. ಸುಳ್ಳು ಹೇಳಿ ನಿಮ್ಮ ಕರುಣೆ ಪಡೆಯುವುದು ನನಗೆ ಬೇಡ.

ಇಲ್ಲಿಯವರ ಮಾತಿನಲ್ಲಿ ಗೋರಿ ಎಂದರೆ ಬೆಳ್ಳಗಿರುವವಳು ಎಂದರ್ಥ. ನೀವು ಅಂದುಕೊಂಡದ್ದಲ್ಲ.

ಸುಷ್ಮಾ

•

ಧಾರ್‌ಕೋಟ್
9 ಜೂನ್ 2024

ಅತ್ತೆಯವರಿಗೆ,

ನಿಮ್ಮಿಂದ ಕಾಗದವಿಲ್ಲ. ಸಮಾಧಿಯ ಕೆಲಸ ಮುಗಿಯಿತೇ, ಯಾರು ಯಾರು ಬಂದಿದ್ದರು, ಒಂದೂ ತಿಳಿಯಲಿಲ್ಲ. ಮುನ್ಸ್ಯಾರಿಗೆ ಇಳಿದಾಗ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮೊನ್ನೆ ವರ್ಷದ ದಿನ ಇಲ್ಲಿ ಕುಂತಿ ದೀದಿ ಪಾಯಸ ಮಾಡಿದ್ದರು. ನಾನು ಆವತ್ತೂ ಜನರನ್ನು ಕರೆದುಕೊಂಡು ಹೋಗಿದ್ದೆ.

ಆರೋಗ್ಯ ಹೇಗಿದೆ ಎಂದಾದರೂ ಒಂದು ಸಾಲು ಬರೆಯಿರಿ.

ಸುಷ್ಮಾ

•

ಧಾರ್‌ಕೋಟ್
14 ಜುಲೈ 2024

ಅತ್ತೆಯವರಿಗೆ,

ಮಳೆಗೆ ದಾರಿ ಮುಚ್ಚಿದೆ. ಈ ಕಾಗದ ಯಾವಾಗ ಹೊರಡುತ್ತದೋ ಗೊತ್ತಿಲ್ಲ.

ನೀವು ಮಾತಾಡದಿದ್ದರೆ ನಾನು ಬರೆದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದುಕೊಂಡಿದ್ದರೆ, ಇಲ್ಲ. ಆದರೆ ನಿಮ್ಮನ್ನು ಬಿಟ್ಟು ಮೈಸೂರಿನಲ್ಲಿ ನನಗೆ ಬರೆಯಲು ಯಾರೂ ಇಲ್ಲ. ಇದನ್ನೂ ತಿಳಿಸಬೇಕೆನ್ನಿಸಿತು.

ಸುಷ್ಮಾ

•

ಮೈಸೂರು
18 ಆಗಸ್ಟ್ 2024

ಸುಷ್ಮಾಳಿಗೆ,

ನಿನ್ನ ಮೂರೂ ಕಾಗದಗಳು ಬಂದವು. ಬರೆಯದೆ ಇದ್ದದ್ದು ಕೋಪಕ್ಕೇ. ಮೊದಲು ನಿನ್ನ ಮೇಲೆ, ಆಮೇಲೆ ಯಾರ ಮೇಲೆ ಎಂದು ನನಗೇ ತಿಳಿಯದ ಹಾಗಾಯಿತು.

ನಿನ್ನ ದೊಡ್ಡ ಕಾಗದ ಬಂದದ್ದು ಸಮಾಧಿಯ ಹಿಂದಿನ ದಿನ. ಓದಿ ಮಡಿಸಿಟ್ಟೆ. ಇಂಥ ಸೊಸೆ ನನಗೆ ಬೇಡ ಎಂದುಕೊಂಡೇ ಮಲಗಿದೆ. ಬೆಳಗ್ಗೆ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊಲಕ್ಕೆ ಹೋದೆ. ಗುಂಡಿ ತೆಗೆದಿದ್ದರು. ಮಠದಿಂದ ಅಯ್ಯನವರು ಬಂದಿದ್ದರು, ವಿಭೂತಿ, ಪತ್ರೆ, ಹೂವು ಎಲ್ಲ ಸಿದ್ಧವಾಗಿತ್ತು. ನೆಂಟರು ಶಾಮಿಯಾನದ ಕೆಳಗೆ ಕೂತು ನೀನು ಬಾರದ ವಿಷಯವನ್ನೇ ಮಾತಾಡುತ್ತಿದ್ದರು. ನಾನು ಬಂದದ್ದನ್ನು ನೋಡಿ ದನಿ ತಗ್ಗಿಸಿದರು.

ಭಾವನವರು ‘ಚೀಲ ಕೊಡಮ್ಮ’ ಎಂದು ಕೈ ಚಾಚಿದರು. ಕೊಡುವ ಮುಂಚೆ ಒಂದು ಸಲ ಬಿಚ್ಚಿದೆ. ಮೇಲೇ ಅವನ ನೀಲಿ ಸ್ವೆಟರ್ ಇತ್ತು. ಮೈಸೂರಿಗೆ ಇಷ್ಟು ದಪ್ಪ ಸ್ವೆಟರ್ ಯಾಕೋ ಎಂದು ನಾನು ಬೈದಿದ್ದು ನೆನಪಾಯಿತು. ಒಂದು ದಾರವೂ ಎದ್ದಿರಲಿಲ್ಲ. ಆ ಗುಂಡಿಯನ್ನು ನೋಡಿದೆ, ಸ್ವೆಟರನ್ನು ನೋಡಿದೆ.

‘ಕೊಡಲ್ಲ ಭಾವ’ ಎಂದೆ.

‘ಏನು?’

‘ಇದ್ರೊಳ್ಗೆ ನನ್ ಮಗ ಇಲ್ಲ. ಇಲ್ಲದೋನ್ನ ಇಲ್ಲಿ ಮಲಗ್ಸಿ, ನಾಳೆಯಿಂದ ನಾನು ಬಂದು ದೀಪ ಹಚ್ಬೇಕಾ? ಸುಳ್ಳಿಗೆ ದೀಪ ಹಚ್ಚಕ್ಕೆ ನನ್ ಕೈಲಿ ಆಗಲ್ಲ.’

‘ಜನ ಬಂದವ್ರೆ ಬಸಮ್ಮ. ಅಯ್ನೋರು ಬಂದವ್ರೆ. ಆ ಹುಡ್ಗಿ ಕಾಗ್ದ ಬರ್ದು ನಿನ್ ತಲೆ ಕೆಡ್ಸವ್ಳೆ.’

‘ನನ್ ತಲೆ ನನ್ ಹತ್ರಾನೇ ಇದೆ. ಬಂದೋರಿಗೆ ಊಟ ಹಾಕ್ಸಿ ಕಳ್ಸಿ.’

ಅಷ್ಟು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ. ಹಿಂದಿನಿಂದ ಯಾರೂ ಬರಲಿಲ್ಲ. ನಾನೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು. ಸುಳ್ಳು ಬೇಡ ಎಂದು ನೀನು ಬರೆದ ಮಾತಿಗೆ ಸಿಟ್ಟಾದವಳು ನಾನು. ಮಾರನೆಯ ದಿನವೇ ಎಲ್ಲರ ಮುಂದೆ ನಿಂತು ಆ ಮಾತನ್ನೇ ಆಡಿ ಬಂದಿದ್ದೆ.

ಆವತ್ತಿನಿಂದ ಭಾವನವರು ಮನೆಗೆ ಬರುತ್ತಿಲ್ಲ. ನಾನು ಎದುರು ಮನೆಯ ಮಂಚಮ್ಮನ ಜೊತೆ ದಿನಾ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇನೆ. ಮೊದಮೊದಲು ನಂದಿಯವರೆಗೆ ಹೋಗುವಷ್ಟರಲ್ಲಿ ಉಸಿರು ನಿಂತು ಹೋಗುತ್ತಿತ್ತು. ಮಂಚಮ್ಮ ‘ಎಂಗೂ ಇಷ್ಟ್ ಬಂದ್ಬುಟ್ವಿ, ಇನ್ನೇನ್ ಬಸಮ್ನೋರೇ, ಅಂಗೇ ಒಂದಪ ಮೇಲಕ್ಕೂ ಹೋಗ್ಬುಡನ’ ಎಂದು ತಳ್ಳಿಕೊಂಡು ಹೋಗುತ್ತಿದ್ದಳು. ಈಗ ನಾನೇ ಮುಂದೆ, ಅವಳು ಹಿಂದೆ.

ಅಕ್ಟೋಬರ್ ಮೊದಲ ವಾರ ಬರುತ್ತಿದ್ದೇನೆ. ನನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋಗು.

ಬಸಮ್ಮ

•

ಧಾರ್‌ಕೋಟ್
8 ಸೆಪ್ಟೆಂಬರ್ 2024

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಹೊಲದಲ್ಲಿ ನೀವು ಹೇಳಿದ್ದನ್ನು ಕುಂತಿ ದೀದಿಗೆ ಹಿಂದಿಯಲ್ಲಿ ಹೇಳಿದೆ, ಇನ್ನೊಂದು ಸಲ ಹೇಳಿಸಿ ಕೇಳಿದರು.

ಆದರೆ ನೀವು ಇಲ್ಲಿಗೆ ಬರುವುದು ಬೇಡ. ಚಾಮುಂಡಿ ಬೆಟ್ಟ ಬೇರೆ, ಇದು ಬೇರೆ. ಈ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಬಿ.ಪಿ. ಇರುವವರಿಗೆ ಅಪಾಯ. ಮಳೆಗೆ ಎರಡು ಕಡೆ ಗುಡ್ಡ ಕುಸಿದು ಕಾಲುದಾರಿ ಒಂದೇ ಪಾದದಷ್ಟು ಅಗಲ ಉಳಿದಿದೆ. ಕೊನೆಯ ರೈಲು ನಿಲ್ದಾಣವಾದ ಕಾಠಗೋದಾಮಿನಿಂದ ಜೀಪಿನಲ್ಲಿ ಬರುವುದೇ ಒಂದು ಹಿಂಸೆ. ನಿಮಗೆ ಏನಾದರೂ ಆದರೆ ದೊಡ್ಡಮಾವನವರಿಗೆ ನಾನು ಏನು ಹೇಳಲಿ? ಡಿಸೆಂಬರಿನಲ್ಲಿ ಇಲ್ಲಿ ಕೆಲಸವಿರುವುದಿಲ್ಲ, ನಾನೇ ಮೈಸೂರಿಗೆ ಬರುತ್ತೇನೆ.

ಸುಷ್ಮಾ

•

ಮೈಸೂರು
22 ಸೆಪ್ಟೆಂಬರ್ 2024

ಸುಷ್ಮಾಳಿಗೆ,

ಬರಲೇ ಎಂದು ನಾನು ಕೇಳಿಲ್ಲ. ಬರುತ್ತೇನೆ ಎಂದು ತಿಳಿಸಿದ್ದೇನೆ.

ಬಿ.ಪಿ. ಹಿಡಿತದಲ್ಲಿದೆ. ನಮ್ಮ ಆಸ್ಪತ್ರೆಯ ಹಳೆಯ ಡಾಕ್ಟರಿಗೆ ತೋರಿಸಿದೆ. ಎಲ್ಲ ನೋಡಿ, ‘ಹೋಗಿ ಬನ್ನಿ ಸಿಸ್ಟರ್, ಅವಸರ ಮಾಡ್ಬೇಡಿ, ಅಲ್ಲಿ ಎರಡು ದಿನ ಕೂತು ಆಮೇಲೆ ಹತ್ತಿ’ ಎಂದರು. ದೆಹಲಿಗೆ ರೈಲಿನ ಟಿಕೆಟ್ ಆಗಿದೆ. ಅಲ್ಲಿಂದ ಮುಂದಿನ ರೈಲೂ ಆಗಿದೆ. ಕಾಠಗೋದಾಮಿಗೆ ನೀನು ಬಂದು ನಿಂತಿದ್ದರೆ ಸರಿ, ಇಲ್ಲದಿದ್ದರೆ ವಿಚಾರಿಸಿಕೊಂಡು ಬರುತ್ತೇನೆ. ಬಾಯಿದೆ.

ವಿಷಯ ತಿಳಿದು ಭಾವನವರು ಮೇ ತಿಂಗಳ ನಂತರ ಮೊದಲ ಸಲ ಮನೆಗೆ ಬಂದರು. ನಿಂತೇ ಮಾತಾಡಿದರು. ‘ಈ ವಯಸ್ಸಲ್ಲಿ ಹೆಂಗಸು ಒಬ್ಳೇ ಹಿಮಾಲಯಕ್ಕೆ ಹೋಗ್ತಾಳೆ ಅಂದ್ರೆ ನೋಡ್ದೋರು ಏನಂತಾರೆ’ ಎಂದರು. ‘ರಾತ್ರಿ ಪಾಳಿ ಮಾಡಿ ಒಬ್ಳೇ ಮಗನ್ನ ಸಾಕ್ದಾಗ ಯಾರೂ ಏನೂ ಅನ್ಲಿಲ್ವಲ್ಲ ಭಾವ, ಈಗ್ಲೂ ಅನ್ನಲ್ಲ ಬುಡಿ’ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಿನ್ನ ಕಾಗದದಲ್ಲಿ ಗಾಳಿ, ಗುಡ್ಡ, ಜೀಪು ಎಲ್ಲ ಇದೆ. ನಿಜವಾದ ಕಾರಣ ಇಲ್ಲ. ರೋಗಿ ಬೇರೆಲ್ಲೋ ನೋವು ಎಂದು ತೋರಿಸುವಾಗ ನರ್ಸಿಗೆ ಗೊತ್ತಾಗುತ್ತದೆ. ನೀನು ಹೆದರಿರುವುದು ನನ್ನ ಬಿ.ಪಿ.ಗೆ ಅಲ್ಲ. ಆ ಜಾಗದಲ್ಲಿ ನಿಂತ ಮೇಲೆ ನಾನು ನಿನ್ನ ಕಡೆ ತಿರುಗಿ ಏನು ಹೇಳುತ್ತೇನೋ ಎಂದು ಹೆದರಿದ್ದೀಯ. ನಾನು ಏನು ಹೇಳುತ್ತೇನೆ ಎಂಬುದು ನನಗೂ ಗೊತ್ತಿಲ್ಲ. ಆದರೂ ಬರುತ್ತೇನೆ.

ಬಸಮ್ಮ

•

ಧಾರ್‌ಕೋಟ್
29 ಅಕ್ಟೋಬರ್ 2024

ಪ್ರೀತಿಯ ಅತ್ತೆಯವರಿಗೆ,

ನೀವು ಮನೆ ಸೇರಿದಿರೆಂದು ಮುನ್ಸ್ಯಾರಿಗೆ ಮಾಡಿದ ಫೋನಿನ ಸುದ್ದಿಯನ್ನು ರೇಷನ್ ಜೀಪಿನವರು ತಂದರು. ನೀವು ಮಲಗುತ್ತಿದ್ದ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ನೀವು ಇಲ್ಲಿದ್ದಷ್ಟು ದಿನವೂ ನಾವು ಊಟ, ಚಳಿ, ಕುಂತಿ ದೀದಿಯ ಮೊಣಕಾಲು ನೋವು, ಇಷ್ಟನ್ನೇ ಮಾತಾಡಿದೆವು. ಬಾಯಿಗೆ ಬಾರದ್ದನ್ನು ಈಗ ಬರೆಯುತ್ತೇನೆ.

ನೀವು ಊಹಿಸಿದ್ದು ಸರಿ. ನಾನು ನಿಮಗೇ ಹೆದರಿದ್ದೆ. ಕಾಠಗೋದಾಮಿನಲ್ಲಿ ನೀವು ರೈಲಿನಿಂದ ಅವರ ನೀಲಿ ಸ್ವೆಟರ್ ಹಾಕಿಕೊಂಡು ಇಳಿದಾಗ ಒಂದು ಗಳಿಗೆ ನನಗೆ ಕಾಲು ಕಿತ್ತಿಡಲು ಆಗಲಿಲ್ಲ. ನೀವು ಏನೂ ಆಗದವರ ಹಾಗೆ ‘ಚೀಲ ಹಿಡ್ಕೋ, ಭುಜ ಸೇದ್ತಾ ಇದೆ’ ಎಂದಿರಿ.

ಕಾಡಿನಲ್ಲಿ ನೀವು ನಿಧಾನವಾಗಿ, ಎಲ್ಲೂ ಗೊಣಗದೆ ಹತ್ತಿದಿರಿ. ಹುಲ್ಲುಗಾವಲಿಗೆ ಬಂದಾಗ ನಿಂತು, ಸುತ್ತ ನೋಡಿ, ‘ಇಷ್ಟು ಚೆನ್ನಾಗಿದ್ಯಾ’ ಎಂದಿರಿ. ಅದನ್ನು ನೀವು ಸಿಟ್ಟಿನಿಂದ ಹೇಳಿದಿರಿ. ನನಗೆ ಅರ್ಥವಾಯಿತು. ನನಗೂ ಮೊದಲ ಸಲ ಅಷ್ಟೇ ಸಿಟ್ಟು ಬಂದಿತ್ತು.

ಕಮರಿಯ ದಾರಿಯಲ್ಲಿ ನಿಮ್ಮ ಸೊಂಟಕ್ಕೆ ಹಗ್ಗ ಕಟ್ಟುವಾಗ ಗಂಟನ್ನು ಎರಡು ಸಲ ಬಿಚ್ಚಿ ಕಟ್ಟಿದೆ. ಯಾರಿಗೆ ಕಟ್ಟುವಾಗಲೂ ಹಾಗೆ ಮಾಡಿರಲಿಲ್ಲ. ನೀವು ನೋಡುತ್ತಲೇ ಇದ್ದಿರಿ. ಗಂಟನ್ನು ನೀವೇ ಒಂದು ಸಲ ಎಳೆದು ನೋಡಿಕೊಂಡಿರಿ. ಅಕ್ಟೋಬರಿನಲ್ಲಿ ಅಲ್ಲಿ ಹಿಮ ಇರುವುದಿಲ್ಲ, ತೊರೆಗೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಹಾಕಿರುತ್ತಾರೆ. ಅದರ ನಡುವೆ ನಿಂತು ‘ಇಲ್ಲೇನಾ’ ಎಂದು ಕೇಳಿದಿರಿ. ಹೌದು ಎಂದೆ. ‘ಕೂಗಿದ್ನಾ?’ ಎಂದು ಕೇಳಿದಿರಿ. ಇಲ್ಲ ಎಂದೆ. ಅದು ನಿಮ್ಮ ಸಮಾಧಾನಕ್ಕೆ ಹೇಳಿದ್ದಲ್ಲ ಅತ್ತೆ. ಹಿಮ ಕುಸಿದ ಮೇಲೆ ನೀರಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ.

ಆಮೇಲೆ ಜಲಪಾತದ ಎದುರಿನ ಬಂಡೆಯ ಮೇಲೆ ಕೂತು ಲಿಂಗಪೂಜೆ ಮಾಡಿದಿರಿ. ಮುಗಿಸಿ ಎದ್ದು ನಿಂತಿರಿ. ಇನ್ನು ಅಳುತ್ತೀರಿ ಎಂದು ನಾನು ಹತ್ತಿರ ಬಂದೆ. ಅಷ್ಟರಲ್ಲಿ ನೀವು ನೀರಿಗೆ ಬೈಯಲು ಶುರು ಮಾಡಿದಿರಿ. ನಮ್ಮ ಗುಂಪಿನಲ್ಲಿ ಕೋಲ್ಕತ್ತಾದಿಂದ ಬಂದಿದ್ದವರು ಫೋಟೊ ತೆಗೆಯುವುದನ್ನು ಬಿಟ್ಟು ನಿಮ್ಮನ್ನೇ ನೋಡುತ್ತಾ ನಿಂತರು. ನೀವು ಹೇಳಿದ್ದು ನನಗೆ ಒಂದಕ್ಷರವೂ ಮರೆತಿಲ್ಲ.

‘ನನ್ ಮಗನ್ನ ತಗೊಂಡ್ಬುಟ್ಟು ದೊಡ್ಡೋಳಾಗ್ಬುಟ್ಟೆ ಅನ್ಕೊಂಡಿದೀಯಾ? ನೋಡು, ನಾನು ಬಂದಿದೀನಿ. ನಿನ್ ಎದುರಿಗೇ ನಿಂತಿದೀನಿ. ಇವ್ಳು ನನ್ ಸೊಸೆ. ದಿನಾ ನಿನ್ನ ದಾಟ್ತಾಳೆ, ಹತ್ತಾರು ಜನರನ್ನ ದಾಟಿಸ್ತಾಳೆ. ಏನ್ ಮಾಡ್ಕೊತೀಯೋ ಮಾಡ್ಕೋ.’

ಅಷ್ಟು ಹೇಳಿ ಮುಖಕ್ಕೆ ನೀರೆರಚಿಕೊಂಡು, ‘ಹಸಿವಾಗ್ತಿದೆ, ಬುತ್ತಿ ಬಿಚ್ಚು’ ಎಂದಿರಿ.

ನೀವು ನನ್ನ ಕಡೆ ತಿರುಗಿ ಏನು ಹೇಳುತ್ತೀರೋ ಎಂದು ತಿಂಗಳುಗಟ್ಟಲೆ ಹೆದರಿದ್ದೆ. ನೀವು ನನ್ನ ಕಡೆ ತಿರುಗಲೇ ಇಲ್ಲ. ನನ್ನ ಪಕ್ಕದಲ್ಲಿ ನಿಂತು ನೀರಿನ ಕಡೆ ತಿರುಗಿದಿರಿ.

ಆ ಗುಂಪಿನ ಹೆಂಗಸರು ಕೆಳಗಿಳಿಯುವಾಗ ಆಕೆ ಹೇಳಿದ್ದು ಮಂತ್ರವೇ ಎಂದು ಕೇಳಿದರು. ನಾನು ಹೌದು, ನಮ್ಮ ಕಡೆಯ ಮಂತ್ರ ಎಂದೆ.

ನಿಮ್ಮ ಸುಷ್ಮಾ

•

ಕುವೆಂಪುನಗರ, ಮೈಸೂರು
8 ಡಿಸೆಂಬರ್ 2024

ಸುಷ್ಮಾ,

ನಿನ್ನ ಕಾಗದಕ್ಕೆ ತಡವಾಗಿ ಬರೆಯುತ್ತಿದ್ದೇನೆ. ಇದು ಕೋಪಕ್ಕಲ್ಲ, ಮದುವೆಗಳ ಓಡಾಟಕ್ಕೆ. ಮಂಡಿ ಊದಿತ್ತು, ಇಳಿದಿದೆ.

ಊರಿಗೆ ಬಂದ ವಾರದಲ್ಲೇ ಭಾವನವರು ಬಂದರು. ಈ ಸಲ ಕೂತರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನೂ ಸಿದ್ಧವಾಗಿಯೇ ಇದ್ದೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ನೀರು ಎಂಗಿತ್ತು?’ ಎಂದು ಕೇಳಿದರು. ಬೆಳ್ಳಗೆ ಹಾಲಿನ ಹಾಗೆ ಎಂದೆ. ‘ಸದ್ದು?’ ಎಂದರು. ಪಕ್ಕದಲ್ಲಿದ್ದವರ ಮಾತು ಕೇಳಿಸದಷ್ಟು ಎಂದೆ. ನಾಗಾರ್ಜುನನಿಗೆ ಸೈಕಲ್ ಹೊಡೆಯಲು ಕಲಿಸಿದವರು ಅವರೇ. ಕಣ್ಣು ಒರೆಸಿಕೊಂಡು ಎದ್ದು ಬಾಗಿಲಿನವರೆಗೆ ಹೋಗಿ ಮತ್ತೆ ತಿರುಗಿದರು.

‘ಅವ್ಳ್ನ ಕರ್ಕೊಂಡ್ ಬರ್ಬೇಕಾಗಿತ್ತು ನೀನು. ಮನೆ ಸೊಸೆ ಅಲ್ಲಿರೋದು ನಂಗೆ ಸರಿ ಕಾಣಲ್ಲ.’

‘ಅವ್ಳಿಗಲ್ಲಿ ಕೆಲ್ಸ ಇದೆ ಭಾವ. ಅವ್ಳಿಲ್ದಿದ್ರೆ ಆ ದಾರೀಲಿ ಜನ ದಾಟಲ್ಲ.’

‘ನಾನು ಒಪ್ಪಲ್ಲ.’

‘ಒಪ್ಬೇಡಿ. ಕಾಫಿಗೆ ಮಾತ್ರ ಬರ್ತಾ ಇರಿ.’

ಅವರು ಒಪ್ಪಿಲ್ಲ. ಒಪ್ಪುತ್ತಾರೆಂದು ನಾನು ಕಾಯುತ್ತಲೂ ಇಲ್ಲ. ಆದರೆ ಭಾನುವಾರ ಬರುತ್ತಾರೆ, ಕಾಫಿ ಕುಡಿಯುತ್ತಾರೆ.

ನಿನಗೆ ಒಂದು ಮಾತು. ಮುಂದೆ ಯಾರನ್ನಾದರೂ ಮದುವೆಯಾಗಬೇಕೆನ್ನಿಸಿದರೆ ಆಗು. ಬೇಡವೆನ್ನಿಸಿದರೆ ಬೇಡ. ಇದನ್ನು ನನ್ನ ಹತ್ತಿರ ಕೇಳುವ ಅಗತ್ಯವಿಲ್ಲ. ಯಾರಾದರೂ ಸಿಕ್ಕಿದರೆ ಬಂದು ತೋರಿಸು, ಹೊಟ್ಟೆಗೆ ಸರಿಯಾಗಿ ತಿನ್ನುತ್ತಾನೋ ಇಲ್ಲವೋ ನೋಡುತ್ತೇನೆ.

ಮೊನ್ನೆ ವಿಜಯನಗರದ ಛತ್ರದಲ್ಲಿ ನಮ್ಮ ಕಡೆಯದೊಂದು ಮದುವೆ. ಹೋದ ವರ್ಷವೂ ಇಂಥದೇ ಪಂಕ್ತಿಯಲ್ಲಿ ಕೂತಿದ್ದಾಗ ಒಬ್ಬರು ‘ಸೊಸೆ ಎಲ್ಲಿದಾಳೆ’ ಎಂದು ಕೇಳಿದ್ದಕ್ಕೆ, ತುಮಕೂರಿನಲ್ಲಿ ತವರಿನಲ್ಲಿದ್ದಾಳೆ ಎಂದು ಮುಖ ತಗ್ಗಿಸಿ ಸುಳ್ಳು ಹೇಳಿದ್ದೆ. ಈ ಸಲ ಪಕ್ಕದಲ್ಲಿ ಕೂತಿದ್ದದ್ದು ಹೊಲದ ಶಾಮಿಯಾನದ ಕೆಳಗಿದ್ದವರಲ್ಲೇ ಒಬ್ಬಾಕೆ. ಬೇಕೆಂದೇ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ, ‘ಪಾಪ, ಸೊಸೆ ಇನ್ನೂ ಬರ್ಲೇ ಇಲ್ವಾ ಬಸಮ್ಮ’ ಎಂದಳು.

ನಾನು ಪಲ್ಯದ ಮೇಲಿನ ಕೈ ತೆಗೆದು ಅವಳ ಕಡೆ ತಿರುಗಿದೆ. ಹೋಳಿಗೆ ಬಡಿಸುತ್ತಿದ್ದವರೂ ನಿಂತರು.

‘ಅವ್ಳು ಯಾಕ್ ಬರ್ಬೇಕು ಕಣಮ್ಮ? ನನ್ ಸೊಸೆ ಹಿಮಾಲಯದಲ್ಲಿ ಜನಕ್ಕೆ ದಾರಿ ತೋರಿಸ್ತಾಳೆ. ನನ್ನನ್ನೂ ಕರ್ಕೊಂಡ್ ಹೋಗಿದ್ಲು. ನಿನಗೂ ಕಾಲಲ್ಲಿ ಶಕ್ತಿ ಇದ್ರೆ ಹೇಳು, ಬರೀತೀನಿ.’

ಎದುರು ಪಂಕ್ತಿಯಿಂದ ಶಿವಾನಿ, ನನಗೆ ಆ ವಿಡಿಯೊ ತೋರಿಸಿದವಳು, ತಲೆ ಎತ್ತಿ, ‘ಚಿಕ್ಕತ್ತೆ, ನನ್ ಹೆಸ್ರು ಬರೀರಿ’ ಎಂದಳು. ಪಕ್ಕದಲ್ಲಿದ್ದ ಅವಳ ಗಂಡ ಅವಳ ಮುಖ ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ.

ಆದ್ದರಿಂದ ಬರೆಯುತ್ತಿದ್ದೇನೆ. ಮೇ ತಿಂಗಳಿಗೆ ಶಿವಾನಿಗೊಂದು ಹಗ್ಗ ಇಟ್ಟಿರು.

ಬಸಮ್ಮ